ಗುಂಡಣ್ಣನ ಅಭ್ಯಂಜನ

ನಮ್ಮ ಮನೆಯ ಮೀನಿನ ತೊಟ್ಟಿಯಲ್ಲಿ ಕೊನೆಯ ಸಲ ಎಣಿಸಿದಾಗ ಹನ್ನೊಂದು ಗಪ್ಪಿಗಳಿದ್ದವು, ಒಂದು ಬಸವನಹುಳು ಇತ್ತು. ಗಪ್ಪಿಗಳಿಗೆ ಹೆಸರಿರಲಿಲ್ಲ. ಅವು ಮರಿ ಹಾಕುವ ವೇಗಕ್ಕೆ ಸರಿಯಾಗಿ ನಾಮಕರಣ ಮಾಡುತ್ತ ಕೂತರೆ ಮಗಳಿಗೆ ಶಾಲೆಗೆ ಹೋಗಲು ಪುರಸೊತ್ತಾಗುತ್ತಿರಲಿಲ್ಲ. ಬಸವನಹುಳು ಒಂದೇ ಆದ್ದರಿಂದ ಅದಕ್ಕೆ ಗುಂಡಣ್ಣ ಎಂಬ ಹೆಸರು ಸಿಕ್ಕಿತ್ತು. ನಿಂಬೆಹಣ್ಣಿನ ಗಾತ್ರ, ನಿಂಬೆಹಣ್ಣಿನದೇ ಬಣ್ಣ. ಗಾಜಿಗೆ ಹತ್ತಿದ ಪಾಚಿ ಸವರುವುದು, ಮೀನು ತಿಂದು ಬಿಟ್ಟ ಕಾಳು ಮುಗಿಸುವುದು, ಆಮೇಲೆ ಮೂಲೆಯಲ್ಲಿ ನಿವೃತ್ತ ಹೆಡ್‌ಮಾಸ್ತರರ ಹಾಗೆ ಕೂರುವುದು, ಇಷ್ಟೇ ಅವನ ದಿನಚರಿ.

ತೊಟ್ಟಿ ಮಗಳದು. ನೀರು ಬದಲಿಸುವ ಕೆಲಸ ನನ್ನದು. ಮಕ್ಕಳಿಗೆ ಪ್ರಾಣಿ ತಂದುಕೊಟ್ಟ ಎಲ್ಲ ಮನೆಗಳಲ್ಲೂ ಈ ಕಾರ್ಯವಿಂಗಡಣೆ ಹೀಗೇ ಇರುತ್ತದೆ. ಭಾನುವಾರ ಬೆಳಿಗ್ಗೆ ಮೂವತ್ತು ಲೀಟರಿನಲ್ಲಿ ಕಾಲು ಭಾಗ ತೆಗೆದು ಅಷ್ಟೇ ಹೊಸ ನೀರು ತುಂಬಬೇಕು. ಬೇಸಿಗೆಯಲ್ಲಿ ತೊಂದರೆಯಿಲ್ಲ. ಡಿಸೆಂಬರಿನ ಬೆಂಗಳೂರಿನಲ್ಲಿ ಮಾತ್ರ ರಾತ್ರಿಯಿಡೀ ತಾರಸಿಯ ಟ್ಯಾಂಕಿನಲ್ಲಿ ಮಲಗಿದ್ದ ನೀರು ನಲ್ಲಿಯಿಂದ ಇಳಿಯುವಾಗ ಬೆರಳು ಕಚ್ಚುತ್ತದೆ. ಗಪ್ಪಿಯಾದರೋ ವೆಸ್ಟ್ ಇಂಡೀಸಿನ ಟ್ರಿನಿಡಾಡಿನ ಕಡೆಯ ಮೀನು, ಸೆಕೆ ನಾಡಿನದು. ನನಗೇ ಕೈಯಿಡಲಾಗದ ನೀರನ್ನು ಅದರ ಮೈಮೇಲೆ ಸುರಿಯುವುದು ಹೇಗೆ? ಕರುಣೆ ಉಕ್ಕಿತು. ಬಚ್ಚಲಿಗೆ ಹೋಗಿ ಗೀಜರಿನ ನಲ್ಲಿ ತಿರುಗಿಸಿದೆ. ಹಸುಗೂಸಿಗೆ ನೀರು ಬೆರೆಸುವ ಹಾಗೆ ಬಕೆಟಿಗೆ ಮೊಣಕೈ ಅದ್ದಿ, ಬಿಸಿ ತಣ್ಣೀರು ಹದಮಾಡಿ, ಕ್ಲೋರಿನ್ ಕಳೆಯುವ ಔಷಧಿ ನಾಲ್ಕು ಹನಿ ಹಾಕಿ, ತೊಟ್ಟಿಗೆ ಸುರಿದೆ. ಗಪ್ಪಿಗಳು ಬಾಲ ಬೀಸಿ ಕುಣಿದವು. ನನ್ನ ಬಗ್ಗೆ ನನಗೇ ಅಭಿಮಾನವಾಯಿತು.

ಮೂರನೆಯ ಭಾನುವಾರದ ಹೊತ್ತಿಗೆ ಗುಂಡಣ್ಣ ನೀರು ಬಿಟ್ಟು ಗಾಜು ಹತ್ತತೊಡಗಿದ. ಇಳಿಸಿದರೆ ಮತ್ತೆ ಹತ್ತುತ್ತಿದ್ದ. ನಾಲ್ಕನೆಯ ವಾರ ಚಿಪ್ಪಿನ ಬಾಗಿಲು ಮುಚ್ಚಿಕೊಂಡು ತಳದಲ್ಲಿ ಬಿದ್ದವನು ಮತ್ತೆ ತೆರೆಯಲಿಲ್ಲ. ಸತ್ತ ಬಸವನಹುಳುವಿನ ವಾಸನೆಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಕುಂಡದ ದಾಸವಾಳದ ಬುಡದಲ್ಲಿ ಅಂತ್ಯಕ್ರಿಯೆಯಾಯಿತು.

ಮೀನಿನಂಗಡಿಯ ಹುಡುಗನ ಮುಂದೆ ಕತೆ ಹೇಳಿಕೊಂಡೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಗೀಜರ್ ನೀರು ಹಾಕಿದ್ರಾ ಸಾರ್?"

"ಹದವಾಗಿ ಬೆರೆಸಿ ಹಾಕಿದೆ ಕಣಪ್ಪ."

"ಹದ ಮೀನಿಗೆ ಸಾರ್. ಹುಳಕ್ಕೆ ಗೀಜರ್ರೇ ಆಗಲ್ಲ."

ಆ ಮಾತನ್ನು ನಾನು ಮೊದಲೇ ಕೇಳಿದ್ದೆ, ನಲವತ್ತು ವರ್ಷಗಳ ಹಿಂದೆ, ಬೇರೆ ಬಾಯಿಂದ.

ಮಲೆನಾಡಿನ ನಮ್ಮ ಅಜ್ಜಿಮನೆಯ ಬಚ್ಚಲಲ್ಲಿ ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ್ದ ತಾಮ್ರದ ಹಂಡೆಯಿತ್ತು. ಒಬ್ಬ ಹುಡುಗ ಒಳಗಿಳಿದು ಕೂರಬಹುದಾದಷ್ಟು ದೊಡ್ಡದು. ಕೂತು ನೋಡಿಯೇ ಹೇಳುತ್ತಿದ್ದೇನೆ. ಅಡಿಕೆ ಸಿಪ್ಪೆ, ಒಣ ಸೋಗೆ, ಹಸಿ ಕಟ್ಟಿಗೆ, ಏನು ಕೊಟ್ಟರೂ ಆ ಒಲೆ ಉಣ್ಣುತ್ತಿತ್ತು. ಹೊರಗೆ ಮಸಿ, ಒಳಗೆ ಕೆಂಪು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಗೆ ವರ್ಷದ ಮರ್ಯಾದೆ. ಹುಣಸೆಹಣ್ಣು ಹಾಕಿ ಒಳಮೈ ತಿಕ್ಕಿದರೆ ಹಸಿರು ಕಿಲುಬೆಲ್ಲ ಕರಗಿ ಹೊಸ ಕಾಸಿನಂತೆ ಹೊಳೆಯುತ್ತಿತ್ತು. ಹೊರಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕೊರಳಿಗೆ ಹಿಂಡಲಕಾಯಿಯ ಬಳ್ಳಿ. ಬಾವಿಯಿಂದ ಸೇದಿ ತಂದ ನೀರು ಬಾಯಿಮಟ್ಟ. ಮರುದಿನ ಕತ್ತಲಿರುವಾಗಲೇ ನಮಗೆ ಎಣ್ಣೆಸ್ನಾನ.

ಒಮ್ಮೆ ಬೆಳಿಗ್ಗೆ ಕಾಫಿಗೆ ಎಸರು ಕಾಯಲು ತಡವಾಗಿತ್ತು. ನಾನು ಜಾಣತನ ತೋರಿಸಿ ಹಂಡೆಯಿಂದಲೇ ಒಂದು ಚೊಂಬು ಬಿಸಿನೀರು ತೋಡಿ ಒಳಗೆ ತಂದೆ. ಅಜ್ಜಿ ಅದನ್ನು ಹಿತ್ತಿಲಿಗೆ ಚೆಲ್ಲಿಸಿದಳು. "ಹಂಡೆ ನೀರು ಮೈಗೆ ಕಣೋ, ಬಾಯಿಗಲ್ಲ." ನನಗದು ಮಡಿ-ಮೈಲಿಗೆಯ ಲೆಕ್ಕವೆಂದು ತೋರಿತ್ತು. ಕುಡಿಯುವ ನೀರನ್ನು ಅದೇ ಅಜ್ಜಿ ತಾಮ್ರದ ಕೊಡದಲ್ಲೇ ಇಡುತ್ತಿದ್ದಳಲ್ಲ! ಆದರೆ ಕೊಡ ದಿನವೂ ಬೆಳಗುವಂಥದು, ತಣ್ಣೀರಿನದು. ಹಂಡೆ ವರ್ಷಕ್ಕೊಮ್ಮೆ ಬೆಳಗುವಂಥದು, ರಾತ್ರಿಯಿಡೀ ಕೆಂಡದ ಮೇಲೆ ನೀರು ಹೊತ್ತು ಕೂತಿರುವಂಥದು. ಹುಳಿ ಪದಾರ್ಥ ತಾಮ್ರಕ್ಕೆ ತಾಗಬಾರದೆಂದೂ ಅಡಿಗೆಯ ಪಾತ್ರೆಗಳಿಗೆ ಕಲಾಯಿ ಹಾಕಿಸಬೇಕೆಂದೂ ಅವಳಿಗೆ ಗೊತ್ತಿತ್ತು. ಬಿಸಿ, ಹುಳಿ, ಹೊತ್ತು, ಈ ಮೂರು ಸೇರಿದರೆ ಲೋಹ ನೀರಿಗಿಳಿಯುತ್ತದೆ ಎಂಬುದಕ್ಕೆ ಅವಳ ಬಳಿ ಸಮೀಕರಣ ಇರಲಿಲ್ಲ, ಬೈಗುಳ ಇತ್ತು.

ಹಂಡೆಯಿಂದ ಗೀಜರಿಗೆ ಬಂದ ನಮ್ಮ ತಲೆಮಾರು ಅದನ್ನು ಪಾತ್ರೆಯೆಂದೇ ಮರೆತಿದೆ. ಗೋಡೆಯ ಮೇಲೊಂದು ಬಿಳಿ ಡಬ್ಬ, ಅದರಲ್ಲೊಂದು ಕೆಂಪು ದೀಪ. ಒಳಗೇನಿದೆಯೆಂದು ಯಾರೂ ಇಣುಕುವುದಿಲ್ಲ. ಹೆಸರು ಬಂದದ್ದು ಐಸ್‌ಲ್ಯಾಂಡಿನ ಗೆಯ್ಸಿರ್ ಎಂಬ ಬಿಸಿನೀರ ಚಿಲುಮೆಯಿಂದ. ಉಕ್ಕಿ ಚಿಮ್ಮುವಂಥದು ಎಂದು ಅದರ ಅರ್ಥ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಘನ್ ಎಂಬಾತ, ವೃತ್ತಿಯಲ್ಲಿ ಬಣ್ಣ ಬಳಿಯುವವನು, ಗ್ಯಾಸ್ ಉರಿಸಿ ಆಗಿಂದಾಗಲೇ ನೀರು ಕಾಯಿಸುವ ಯಂತ್ರ ಮಾಡಿ ಅದಕ್ಕೆ ಈ ಹೆಸರಿಟ್ಟ. ಅದಕ್ಕೆ ಹೊಗೆ ಹೋಗುವ ಕೊಳವೆಯೇ ಇರಲಿಲ್ಲ. ಸ್ನಾನ ಮುಗಿಸಿ ಜೀವಸಹಿತ ಹೊರಬರುವುದೂ ಒಂದು ಸಾಹಸವೇ ಆಗಿದ್ದಿರಬೇಕು. ಯಂತ್ರ ಬದಲಾಗುತ್ತ ಬಂತು, ಹೆಸರು ನಮ್ಮ ಬಚ್ಚಲಲ್ಲಿ ಉಳಿಯಿತು.

ಗುಂಡಣ್ಣ ಹೋದ ಎರಡು ತಿಂಗಳಿಗೆ ನಮ್ಮ ಹಳೆಯ ಗೀಜರ್ ಸೋರತೊಡಗಿತು. ಬಿಚ್ಚಿದ ಮೆಕ್ಯಾನಿಕ್ ಮುಖ ಅರಳಿಸಿ, "ಒಳಗೆ ತಾಮ್ರದ ಟ್ಯಾಂಕು ಸಾರ್, ಗುಜರಿಯಲ್ಲಿ ಒಳ್ಳೇ ರೇಟು ಬರುತ್ತೆ" ಎಂದ. ನೋಡಿದೆ. ಸುಣ್ಣದ ಹೊಪ್ಪಳೆಗಳ ನಡುವೆ, ಬೆಸುಗೆಯ ಅಂಚಿನಲ್ಲಿ, ಅದೇ ಹಸಿರು ಕಿಲುಬು. ಅಜ್ಜಿಯ ಹಂಡೆಯನ್ನೇ ಯಾರೋ ಬಿಳಿ ಬಟ್ಟೆ ಉಡಿಸಿ ನಮ್ಮ ಗೋಡೆಗೆ ನೇತುಹಾಕಿದ್ದರು. ಹುಣಸೆಹಣ್ಣು ತಿಕ್ಕುವವರು ಮಾತ್ರ ಇರಲಿಲ್ಲ.

ಇಷ್ಟರಿಂದ ತಾಮ್ರವೇ ಕೊಲೆಗಾರ ಎಂದು ನ್ಯಾಯಾಲಯ ಒಪ್ಪಲಿಕ್ಕಿಲ್ಲ. ಬಿಸಿನೀರಿನ ಮೇಲೆ ಬೇರೆ ಆರೋಪಗಳೂ ಇವೆ. ಬಿಸಿಯಾದಷ್ಟೂ ನೀರು ಆಮ್ಲಜನಕವನ್ನು ಕೈಬಿಡುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಮ್ ಹಿಡಿದಿಟ್ಟುಕೊಳ್ಳುವ ನೀರು 30 ಡಿಗ್ರಿಯಲ್ಲಿ ಏಳೂವರೆಗಿಳಿಯುತ್ತದೆ. ಆದರೆ ನಾನು ಸುರಿದದ್ದು ಬೆಚ್ಚಗಿನ ನೀರು, ಸುಡುವ ನೀರಲ್ಲ. ಉಸಿರು ಕಟ್ಟಿದ್ದರೆ ಮೊದಲು ಗಪ್ಪಿಗಳು ಮೇಲೆ ಬಂದು ಬಾಯಿ ಬಿಡಬೇಕಿತ್ತು. ಕ್ಲೋರಿನ್ನಿಗೂ ಔಷಧಿ ಹಾಕಿದ್ದೆ. ಆ ಹನಿಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋದವರು ಕತ್ತಲ ಕೋಣೆಯಲ್ಲಿ ಬಳಸುತ್ತಿದ್ದ ಅದೇ 'ಹೈಪೋ'. ಮೀನು ಬದುಕಿ ಹುಳು ಮಾತ್ರ ಸತ್ತರೆ ಬೆರಳು ತಾಮ್ರದ ಕಡೆಗೇ ತಿರುಗುತ್ತದೆ.

ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ತಾಮ್ರಕ್ಕೆ ಇರುವ ಮಿತಿ ಲೀಟರಿಗೆ 0.05 ಮಿಲಿಗ್ರಾಮ್, ಬೇರೆ ನೀರಿಲ್ಲದಿದ್ದರೆ 1.5ರವರೆಗೂ ನಡೆಯುತ್ತದೆ. ನಮಗೆ ನಡೆಯುವ ಆ ಒಂದೂವರೆ ಮಿಲಿಗ್ರಾಮ್ ಸಿಗಡಿ ಮರಿಗೂ ಬಸವನಹುಳುವಿಗೂ ಯಮಪಾಶ. ಮೀನಿನ ಮೈಮೇಲಿನ ಪರೋಪಜೀವಿಗಳನ್ನು ಕೊಲ್ಲಲು ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಅಳತೆ ನೋಡಿ ಹಾಕುವುದುಂಟು. ಹಾಕುವ ಮೊದಲು ಬಸವನಹುಳುಗಳನ್ನು ಬೇರೆ ಪಾತ್ರೆಗೆ ಎತ್ತಬೇಕು. ವಿಚಿತ್ರವೆಂದರೆ ಗುಂಡಣ್ಣನ ಜಾತಿಯವರ ರಕ್ತವೇ ತಾಮ್ರದ್ದು. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಉಸಿರಿನ ಕೆಲಸವನ್ನು ಅವರಲ್ಲಿ ತಾಮ್ರ ಮಾಡುತ್ತದೆ, ರಕ್ತದ ಬಣ್ಣವೂ ತಿಳಿನೀಲಿ. ಒಳಗಿದ್ದರೆ ಪ್ರಾಣ, ಹೊರಗಿಂದ ಬಂದರೆ ಪ್ರಾಣಾಂತಿಕ. ದಾಯಾದಿಗಳ ವಿಷಯದಲ್ಲಿ ನಾವೂ ಹೀಗೇ ಅಲ್ಲವೆ?

ಬಸವನಹುಳುವನ್ನು ತೊಟ್ಟಿಯ ಜಾಡಮಾಲಿ ಎಂದು ಕಡೆಗಣಿಸುವವರಿಗೆ ಒಂದು ವಿಷಯ ತಿಳಿದಿರಲಿ. ಗೀಜರ್ ಹುಟ್ಟುವುದಕ್ಕೆ ಹದಿನೆಂಟು ವರ್ಷ ಮೊದಲು ಅದೇ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ, ನೀರು ಬದಲಿಸದೆಯೇ ಮೀನು ಬದುಕಿಸುವ ಹಟ ತೊಟ್ಟಿದ್ದ. ಎರಡು ಚಿನ್ನದ ಮೀನು, ನೀರಿನೊಳಗೆ ಬೆಳೆಯುವ ವ್ಯಾಲಿಸ್ನೇರಿಯಾ ಗಿಡ. ಗಿಡ ಆಮ್ಲಜನಕ ಕೊಡುತ್ತದೆ, ಮೀನಿನ ಹೊಲಸು ಗಿಡಕ್ಕೆ ಗೊಬ್ಬರ. ಲೆಕ್ಕ ಸರಿಯಿತ್ತು. ಆದರೆ ಉದುರಿದ ಎಲೆ ಕೊಳೆತು ನೀರು ಕದಡಿತು. ಆಗ ಅವನು ಕೆಲವು ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನೆಲ್ಲ ತಿಂದು ನೀರು ತಿಳಿಯಾಗಿಸಿದವು. 1850ರಲ್ಲಿ ಅವನು ಅದನ್ನು ವರದಿ ಮಾಡಿದ. ನಾಲ್ಕು ವರ್ಷಕ್ಕೆ ಫಿಲಿಪ್ ಹೆನ್ರಿ ಗಾಸ್ ತನ್ನ ಪುಸ್ತಕಕ್ಕೆ 'ದಿ ಅಕ್ವೇರಿಯಂ' ಎಂದು ಹೆಸರಿಟ್ಟ. ಆಮೇಲೆ ಮನೆಮನೆಯ ಮೇಜಿನ ಮೇಲೂ ಗಾಜಿನ ತೊಟ್ಟಿ ಬಂತು. ಮುಂದೆ ಸೆಕೆ ನಾಡಿನ ಮೀನುಗಳ ಹುಚ್ಚು ಹತ್ತಿದಾಗ ಅಲ್ಲಿಯವರು ತೊಟ್ಟಿಯ ತಳಕ್ಕೆ ಕಲ್ಲಿನ ಚಪ್ಪಡಿ ಹಾಕಿ ಕೆಳಗೆ ಸಣ್ಣ ಗ್ಯಾಸಿನ ಉರಿ ಇಡುತ್ತಿದ್ದರು. ಥೇಟ್ ನಮ್ಮ ಬಚ್ಚಲೊಲೆ. ಮೀನು ಬೆಚ್ಚಗಾಗುವುದಕ್ಕೂ ಸಾರಾಗುವುದಕ್ಕೂ ನಡುವೆ ಒಂದು ಬತ್ತಿಯ ಅಂತರ.

ಹಾಗಾದರೆ ಗೀಜರ್ ನೀರು ಹಾಕಬಾರದೆ? ಮೀನು ಮಾತ್ರ ಇರುವವರು, ಹೊಸ ನಮೂನೆಯ ಗೀಜರ್ ಇರುವವರು, ಸ್ವಲ್ಪ ಬೆರೆಸಿದರೆ ಆಕಾಶ ಬೀಳುವುದಿಲ್ಲ. ಈಗಿನ ಬಹಳಷ್ಟು ಟ್ಯಾಂಕುಗಳು ಉಕ್ಕಿನವು, ಒಳಗೆ ಗಾಜಿನ ಲೇಪ. ಟ್ಯಾಂಕಿನ ಬದಲು ತಾನೇ ಸವೆಯಲೆಂದು ಅದರೊಳಗೆ ಮೆಗ್ನೀಸಿಯಂ ಕಡ್ಡಿಯೊಂದನ್ನು ನಿಲ್ಲಿಸಿರುತ್ತಾರೆ; ಅದರಿಂದ ಮೀನಿಗೆ ತೊಂದರೆಯಿಲ್ಲ. ರಾತ್ರಿಯಿಡೀ ನಿಂತ ನೀರನ್ನು ಮೊದಲು ನೆಲ ತೊಳೆಯಲು ಬಿಟ್ಟು ಆಮೇಲೆ ಹಿಡಿಯಬೇಕು. ತಾಮ್ರದ ಟ್ಯಾಂಕು, ತಾಮ್ರದ ಸುರುಳಿ ಇದ್ದರೆ, ಅದರಲ್ಲೂ ಸಿಗಡಿ, ಬಸವನಹುಳು ಸಾಕಿದ್ದರೆ, ಬೇಡವೇ ಬೇಡ.

ಅಷ್ಟಕ್ಕೂ ಬೇಕಾಗುವ ಬಿಸಿನೀರಾದರೂ ಎಷ್ಟು? ಒಂದು ಭಾನುವಾರ ಮಗಳ ಜ್ವರದ ಥರ್ಮಾಮೀಟರ್ ಹಿಡಿದು ಬೈಸಿಕೊಂಡು, ಆಮೇಲೆ ತೊಟ್ಟಿಯ ಥರ್ಮಾಮೀಟರ್ ತಂದು ಲೆಕ್ಕ ಹಾಕಿದೆ. 20 ಡಿಗ್ರಿಯ ಐದು ಲೀಟರ್ ತಣ್ಣೀರನ್ನು 26ಕ್ಕೆ ಏರಿಸಲು 55 ಡಿಗ್ರಿಯ ನೀರು ಒಂದೇ ಲೀಟರ್ ಸಾಕು. ಇಷ್ಟಕ್ಕೆ ಇಪ್ಪತ್ತೈದು ಲೀಟರಿನ ಯಂತ್ರವನ್ನು ಎಬ್ಬಿಸಬೇಕಾಗಿರಲಿಲ್ಲ. ಈಗ ಸ್ಟೀಲ್ ಪಾತ್ರೆಯಲ್ಲಿ ಒಲೆಯ ಮೇಲೆ ಕಾಯಿಸುತ್ತೇನೆ. ಹೆಂಡತಿ, "ಕಾಫಿಗಾ?" ಎಂದು ಕೇಳುತ್ತಾಳೆ. "ಮೀನಿಗೆ" ಎಂದರೆ, "ಅವಕ್ಕೆ ಇಟ್ಟ ಮೇಲೆ ನಮಗೂ ಒಂದು ಲೋಟ ಇಡಿ" ಎನ್ನುತ್ತಾಳೆ.

ಮೊನ್ನೆ ಊರಿನಿಂದ ಸೋದರತ್ತೆಯ ಮಗ ಫೋನ್ ಮಾಡಿದ್ದ. ಅಜ್ಜಿಮನೆಗೆ ಸೋಲಾರ್ ಬಂದು ಹಂಡೆ ಅಟ್ಟ ಸೇರಿತ್ತಂತೆ. ಈಗ ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿಸಿ, ಅಂಗಳದಲ್ಲಿಟ್ಟು ತಾವರೆ ಬೆಳೆಸುವ ಯೋಚನೆ. "ಸೊಳ್ಳೆಯಾಗದ ಹಾಗೆ ನಿನ್ನ ನಾಲ್ಕು ಗಪ್ಪಿ ಕೊಡು ಮಾರಾಯ. ಒಂದೆರಡು ಬಸವನಹುಳುವೂ ಇರಲಿ, ಚಂದ ಕಾಣ್ತದೆ" ಎಂದ.

ಕೊಡುತ್ತೇನೆ, ಆದರೆ ಹಂಡೆಯೊಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟು ಅದರಲ್ಲಿ ನೀರು ತುಂಬು ಎಂದೆ. ಅವನಿಗೆ ಬೇಸರವಾಯಿತು. ತಾಮ್ರದ ಹಂಡೆಯೊಳಗೆ ಪ್ಲಾಸ್ಟಿಕ್ಕೆ? ಅಜ್ಜಿ ನೋಡಿದ್ದರೆ ಏನೆನ್ನುತ್ತಿದ್ದಳು ಎಂದ. ಅಜ್ಜಿ ಏನೆನ್ನುತ್ತಿದ್ದಳೆಂದು ನಾನು ಹೇಳಿದೆ.