ನಾಲ್ಕು ಬೆರಳು ಮಡಿಕೆ

ಮಂಗಳೂರಿನ ಜೆಪ್ಪುವಿನಲ್ಲಿ ಅಪ್ಪನ ಹೊಲಿಗೆ ಅಂಗಡಿ ಇತ್ತು. ಹೆಂಚಿನ ಮಾಡು, ಹಲಗೆಯ ಬಾಗಿಲು, ಒಳಗೆ ಎರಡು ತುಳಿಯುವ ಯಂತ್ರ. ಊರವರ ಅಂಗಿ, ಚಡ್ಡಿ, ರವಿಕೆ ಹೊಲಿಯಲು ಬೇರೆ ದರ್ಜಿಗಳು ಬೇಕಾದಷ್ಟು ಇದ್ದರು. ಅಪ್ಪ ಹೊಲಿಯುತ್ತಿದ್ದುದು ಪಾದ್ರಿಗಳ ನಿಲುವಂಗಿ. 1878ರ ಕೊನೆಯ ದಿನ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. ಮರುವರ್ಷವೇ ಸಂತ ಜೋಸೆಫರ ಸೆಮಿನರಿ ಶುರುವಾಯಿತು. ಆ ಸೆಮಿನರಿಯ ನೆರಳಲ್ಲಿ ಅಡುಗೆಯವರು, ಅಗಸರು, ಪುಸ್ತಕ ಕಟ್ಟುವವರು ಬದುಕು ಕಟ್ಟಿಕೊಂಡಂತೆ ನಮ್ಮ ಅಜ್ಜನೂ ಕತ್ತರಿ ಹಿಡಿದರು. ಅಜ್ಜನಿಂದ ಆ ಕಸುಬು ಅಪ್ಪನಿಗೆ ಬಂತು.

ನನಗೆ ಹತ್ತು ವರ್ಷ ತುಂಬುವಾಗಲೇ ಕಾಜಾ ಹಾಕಲು, ಗುಂಡಿ ಕಟ್ಟಲು ಕಲಿಸಿದ್ದರು. ಹಳೆಯ ರೋಮನ್ ಮಾದರಿಯ ನಿಲುವಂಗಿಗೆ ಮುಂದುಗಡೆ 33 ಗುಂಡಿ, ಯೇಸು ಭೂಮಿಯ ಮೇಲೆ ಬದುಕಿದ ವರ್ಷಗಳ ಲೆಕ್ಕಕ್ಕೆ. ಅಂಥದ್ದೊಂದು ಬಂದರೆ ನನ್ನ ಬೆರಳು ನೋಯುತ್ತಿತ್ತು. ಯೇಸುಸಭೆಯವರ ಮಾದರಿಗೆ ಗುಂಡಿಯ ಸಾಲೇ ಇಲ್ಲ, ಕೊರಳಲ್ಲಿ ಕೊಕ್ಕೆ, ಸೊಂಟಕ್ಕೊಂದು ಪಟ್ಟಿ. ಬಟ್ಟೆ ನೋಡಿಯೇ ಇವರು ಯಾವ ಸಭೆಯವರು ಎಂದು ಹೇಳುವಷ್ಟು ನಾನು ಪಳಗಿದ್ದೆ.

ಜೂನ್ ತಿಂಗಳ ಮೊದಲ ಮಳೆಯ ಜೊತೆಗೆ ಹುಡುಗರು ಬರುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದವರು, ಮೀಸೆ ಇನ್ನೂ ಮೂಡದವರು. ಜೊತೆಗೆ ತಾಯಿಯೋ ಸೋದರಮಾವನೋ. ಅಪ್ಪ ಟೇಪು ಹಿಡಿದು ಭುಜ, ಎದೆ, ತೋಳು, ಕತ್ತಿನಿಂದ ಹಿಮ್ಮಡಿಯವರೆಗಿನ ಉದ್ದ ಅಳೆದು ಗಟ್ಟಿಯಾಗಿ ಹೇಳುವರು, ನಾನು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವೆ. ಕೊನೆಯಲ್ಲಿ ಒಂದು ಮಾತು ತಪ್ಪದೆ ಸೇರಿಸುವರು: “ಅಡಿಗೆ ನಾಲ್ಕು ಬೆರಳು.” ಬೆಳೆಯುವ ಹುಡುಗರಲ್ಲವೇ, ಕೆಳಗೆ ನಾಲ್ಕು ಬೆರಳಗಲ ಬಟ್ಟೆ ಒಳಗೆ ಮಡಚಿ ಹೊಲಿಯಬೇಕು. ವರ್ಷ ವರ್ಷವೂ ಆ ಮಡಿಕೆಯನ್ನು ಒಂದೊಂದು ಬೆರಳು ಬಿಚ್ಚಿ ಇಳಿಸುವುದು. ಮಡಿಕೆಯೆಲ್ಲ ಮುಗಿದ ಹೊತ್ತಿಗೆ ಹುಡುಗ ಆಳಾಗಿರುತ್ತಿದ್ದ.

ಹುಡುಗ ಹೇಗೆ ಆಯ್ಕೆಯಾದ ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಎಂಟು ಹತ್ತು ಮಕ್ಕಳ ಮನೆಗಳು. ಸಂಜೆ ಜಪಸರ ಮುಗಿದ ಮೇಲೆ ತಾಯಿ ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳಿಸುವಳು, ಈ ಮನೆಯಿಂದ ಒಬ್ಬನನ್ನು ಕರೆ ಎಂದು. ಒಬ್ಬ ಮಗ ಪಾದ್ರಿ, ಒಬ್ಬಳೋ ಇಬ್ಬರೋ ಹೆಣ್ಣುಮಕ್ಕಳು ಕನ್ಯಾಸ್ತ್ರೀಯರು ಎಂದರೆ ಆ ಮನೆಗೆ ಊರಲ್ಲಿ ತೂಕ. ಮಗನನ್ನು ‘ಕೊಟ್ಟರು’ ಎನ್ನುತ್ತಿದ್ದರು, ಮಗಳನ್ನು ಮದುವೆ ಮಾಡಿಕೊಟ್ಟರು ಎಂದ ಹಾಗೆ. ಹೊಸ ಪಾದ್ರಿಯ ಮೊದಲ ಪೂಜೆಯ ದಿನ ಬ್ಯಾಂಡು, ಕದಿನ, ತೋರಣ, ಇಡೀ ವಾಡೆಗೆ ಊಟ. ಆ ದಿನ ತಾಯಿ ಉಟ್ಟ ಸೀರೆ ಮುಂದೆ ಅವಳ ಸಾವಿಗೂ ಅದೇ ಎಂದು ಎತ್ತಿಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ನಮ್ಮ ಅಮ್ಮನೂ ಕೊಟ್ಟಳು. ಅಣ್ಣನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಮೂರನೆಯದು ಉಳಿದರೆ ನಿನಗೇ ಎಂದು ಅವಳು ಹರಸಿಕೊಂಡಿದ್ದಳು. ಈ ಮಾತು ನಮ್ಮ ಮನೆಯಲ್ಲಿ ಅನ್ನದಷ್ಟು ಸಹಜವಾಗಿತ್ತು. ಅಣ್ಣ ಅದನ್ನು ಕೇಳುತ್ತಲೇ ಬೆಳೆದ. 1967ರ ಜೂನ್‌ನಲ್ಲಿ ಅಪ್ಪ ಅವನ ಅಳತೆ ತೆಗೆದರು. ಬೇರೆಯವರ ಮಕ್ಕಳ ಅಳತೆ ಗಟ್ಟಿಯಾಗಿ ಹೇಳುವ ಅಪ್ಪ ಅಂದು ಮೆಲ್ಲಗೆ ಹೇಳಿದರು. ಆ ನಿಲುವಂಗಿಗೆ ಗುಂಡಿ ಕಟ್ಟಿದ್ದು ನಾನು. ನನಗೆ ಹನ್ನೆರಡು, ಅವನಿಗೆ ಹದಿನಾರು.

ಆ ವರ್ಷಗಳು ಇಡೀ ಧರ್ಮಸಭೆ ಮಗ್ಗುಲು ಬದಲಿಸಿದ ವರ್ಷಗಳೂ ಹೌದು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಸುದ್ದಿ ನಮಗೆ ಮೊದಲು ಬಂದದ್ದು ಬಟ್ಟೆಯ ರೂಪದಲ್ಲಿ. ಲ್ಯಾಟಿನ್ ಹೋಗಿ ಪೂಜೆ ನಮ್ಮ ಭಾಷೆಗೆ ಬಂತು, ಪಾದ್ರಿಗಳು ಜನರ ಕಡೆ ಮುಖ ಮಾಡಿ ನಿಂತರು. ಬೆನ್ನು ಕಾಣುತ್ತಿದ್ದ ಕಾಲದಲ್ಲಿ ಕಸೂತಿಯೆಲ್ಲ ಬೆನ್ನಿಗೆ. ಪಿಟೀಲಿನ ಆಕಾರಕ್ಕೆ ಕತ್ತರಿಸಿದ, ಬಿರುಸಾದ, ಜರಿಯಿಂದ ತುಂಬಿದ ಪೂಜಾವಸ್ತ್ರ. ಅದು ಕಪಾಟು ಸೇರಿ, ಸಡಿಲವಾಗಿ ಇಳಿಬೀಳುವ ಅಗಲದ ವಸ್ತ್ರ ಬಂತು. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ಧರ್ಮಸಭೆಯ ರಾಷ್ಟ್ರೀಯ ಕೇಂದ್ರದಿಂದ ಪೂಜೆಯನ್ನು ಭಾರತದ ರೀತಿಗೆ ಒಗ್ಗಿಸುವ ಕೆಲಸ ನಡೆಯಿತು. 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟ ಹನ್ನೆರಡು ಅಂಶಗಳಲ್ಲಿ ಕೈ ಮುಗಿಯುವುದು, ಎಣ್ಣೆದೀಪ ಹಚ್ಚುವುದರ ಜೊತೆಗೆ ಹಳೆಯ ಪೂಜಾವಸ್ತ್ರಗಳ ಬದಲು ಸರಳ ಮೇಲಂಗಿ, ಹೆಗಲಿಗೆ ಅಂಗವಸ್ತ್ರ ಧರಿಸುವುದೂ ಇತ್ತು. ಒಬ್ಬ ಎಳೆಯ ಪಾದ್ರಿ ಕಾವಿ ಶಾಲು ತಂದು ಅಂಚು ಮಡಚಿ ಕೊಡಿ ಎಂದಾಗ ಅಪ್ಪ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು. ಶಾಲಿಗೆ ದರ್ಜಿಯ ಅಗತ್ಯ ಎಷ್ಟು? ಆದರೂ “ಚಂದ ಉಂಟು, ನಮ್ಮವರ ಹಾಗೆ ಕಾಣುತ್ತೀರಿ ಪಾದ್ರ್ಯಾಬ್” ಎಂದರು. ಅವರು ಮನಸಾರೆ ಹೇಳಿದ ಮಾತು ಅದು.

ಬಟ್ಟೆಗಿಂತ ಆಳದ ಬದಲಾವಣೆ ನಮಗೆ ತಡವಾಗಿ ತಿಳಿಯಿತು. 1964ರ ನವೆಂಬರ್ 21ರಂದು ಆ ಮಹಾಸಭೆಯಿಂದ ಹೊರಟ, ಧರ್ಮಸಭೆಯ ಕುರಿತ ಶಾಸನದಲ್ಲಿ ಒಂದು ಇಡೀ ಅಧ್ಯಾಯವೇ, ಪವಿತ್ರ ಬಾಳಿಗೆ ಕರೆ ಇರುವುದು ಜ್ಞಾನಸ್ನಾನ ಪಡೆದ ಎಲ್ಲರಿಗೂ, ಪಾದ್ರಿಗಳಿಗೆ ಕನ್ಯಾಸ್ತ್ರೀಯರಿಗೆ ಮಾತ್ರವಲ್ಲ ಎಂದು ಹೇಳುತ್ತದೆ. ನಮ್ಮ ವಾಡೆಯಲ್ಲಿ ಈ ಮಾತನ್ನು ಪೀಠದಿಂದ ಓದಿದ್ದು ನನಗೆ ನೆನಪಿಲ್ಲ. ಓದಿದ್ದರೂ ಕಿವಿಗೆ ಬಿದ್ದಿರಲಾರದು. ‘ಕರೆ ಇದೆ’ ಎಂದರೆ ಸೆಮಿನರಿ ಇಲ್ಲವೇ ಕಾನ್ವೆಂಟು, ಉಳಿದವರಿಗೆ ಮದುವೆ. ನನ್ನನ್ನೂ ಶಾಲೆಯ ಸಿಸ್ಟರ್ ಒಬ್ಬರು ಕೇಳಿದ್ದರು. ಅಪೋಸ್ತಲಿಕ ಕಾರ್ಮೆಲ್‌ನವರು 1870ರಲ್ಲಿ ಮಂಗಳೂರಿಗೆ ಬಂದ ಮೇಲೆ, 1921ರಲ್ಲಿ ಬೆಂದೂರಿನಲ್ಲಿ ಬೆಥನಿ ಸಭೆ ಹುಟ್ಟಿದ ಮೇಲೆ ನಮ್ಮ ಹುಡುಗಿಯರ ಪಾಲಿಗೆ ಕಾನ್ವೆಂಟು ಓದಿನ ಬಾಗಿಲೂ ಆಗಿತ್ತು. ಬಿ.ಎ. ಮಾಡಬೇಕು, ಶಾಲೆ ನಡೆಸಬೇಕು ಎಂಬ ಆಸೆಯನ್ನೂ ದೇವರ ಕರೆಯನ್ನೂ ಬೇರೆ ಮಾಡಿ ನೋಡುವುದು ಹದಿನೇಳರ ಹುಡುಗಿಗೆ ಸುಲಭವಲ್ಲ. ನಾನು ಆಗುವುದಿಲ್ಲ ಎಂದೆ. ಸಿಸ್ಟರ್ ಬೇಸರಿಸದೆ ನನ್ನ ತಲೆ ನೇವರಿಸಿದರು.

ಅಣ್ಣ 1973ರ ಮಾರ್ಚ್‌ನಲ್ಲಿ ಕೊನೆಯ ಬಸ್ಸಿಗೆ ಮನೆಗೆ ಬಂದ. ಟ್ರಂಕು ಜಗಲಿಯಲ್ಲಿಟ್ಟು ಬಾವಿಕಟ್ಟೆಗೆ ಹೋಗಿ ಕಾಲು ತೊಳೆದ, ಬಹಳ ಹೊತ್ತು ತೊಳೆದ. ಅಮ್ಮ ಒಂದು ಮಾತೂ ಕೇಳಲಿಲ್ಲ. ಗಂಜಿ ಬಡಿಸಿ ಒಳಗೆ ಹೋದಳು. ಅದರ ಮೇಲೆ ಮೂರು ತಿಂಗಳು ಅವಳು ಬೆಳಗಿನ ಮೊದಲ ಪೂಜೆಗೆ ಹೋಗದೆ ಎರಡನೆಯದಕ್ಕೆ ಹೋದಳು, ಹೆಂಗಸರ ಕಣ್ಣು ತಪ್ಪಿಸಲು.

‘ಬಿಟ್ಟು ಬಂದವನು.’ ಅಣ್ಣನಿಗೆ ಹೆಸರು ಇದ್ದೇ ಇತ್ತು, ಆದರೆ ನಮ್ಮ ಇಗರ್ಜಿಯವರು ಆ ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದರು. ಗಾಯನ ಮಂಡಳಿಯಲ್ಲಿ ಅವನಿಗೆ ಜಾಗ ಇರಲಿಲ್ಲ. ಮದುವೆಯ ಕರೆಯೋಲೆ ತಂದವರು ಅಪ್ಪ, ಅಮ್ಮ, ನನ್ನ ಹೆಸರು ಹೇಳಿ ಅವನ ಹೆಸರು ನುಂಗುತ್ತಿದ್ದರು. ಇದನ್ನು ಬರೆಯುವಾಗ ಐವತ್ತು ವರ್ಷ ದಾಟಿದ ಮೇಲೂ ನನಗೆ ಸಿಟ್ಟು ಬರುತ್ತದೆ. ಹದಿನಾರರ ಹುಡುಗ ಹೋಗುವಾಗ ಬ್ಯಾಂಡು ಊದಿದವರಿಗೆ ಇಪ್ಪತ್ತೆರಡರ ಆಳು ಹಿಂದಿರುಗುವಾಗ ಒಂದು ಲೋಟ ನೀರು ಕೊಡಲಾಗಲಿಲ್ಲ.

ಇಂಥ ಮನೆಗಳವರು ನಮ್ಮ ಅಂಗಡಿಗೆ ಕತ್ತಲಾದ ಮೇಲೆ ಬರುತ್ತಿದ್ದರು ಎಂದು ನನಗೆ ಅರ್ಥವಾದದ್ದು ಆಗ. ಮಗನ ನಿಲುವಂಗಿಯನ್ನು ಪೇಪರಿನಲ್ಲಿ ಸುತ್ತಿ ತಂದು, ಬಿಚ್ಚಿ ಏನಾದರೂ ಮಾಡಿಕೊಡಿ ಎನ್ನುತ್ತಿದ್ದರು. ಅಪ್ಪ ಅದರಲ್ಲಿ ತಮ್ಮಂದಿರಿಗೆ ಅಂಗಿ, ತಂಗಿಯರಿಗೆ ಲಂಗ, ಉಳಿದದ್ದರಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದರು. ಅದಕ್ಕೆ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಅಣ್ಣನದನ್ನು ಮಾತ್ರ ಬಿಚ್ಚಲಿಲ್ಲ. ಒಂದು ದಿನ ಅವನ ಕೈಗೆ ಕತ್ತರಿ ಕೊಟ್ಟು ಎರಡನೆಯ ಯಂತ್ರದ ಮುಂದೆ ಕೂರಿಸಿದರು.

ಯಾಕೆ ಬಂದೆ ಎಂದು ನಾನು ಕೇಳಿದ್ದು ಎರಡು ವರ್ಷ ಕಳೆದ ಮೇಲೆ. ಅವನು ಸಮುವೇಲನ ಕತೆ ಹೇಳಿದ. ಮಕ್ಕಳಿಲ್ಲದ ಹನ್ನ ಅತ್ತು ಹರಸಿಕೊಳ್ಳುತ್ತಾಳೆ, ಹುಟ್ಟಿದ ಮಗನನ್ನು ಶಿಲೋವಿನ ಆಲಯದಲ್ಲಿ ಮುದಿ ಯಾಜಕ ಏಲಿಯ ಬಳಿ ಬಿಡುತ್ತಾಳೆ. ವರ್ಷಕ್ಕೊಮ್ಮೆ ಹೋಗುವಾಗ ಅವನಿಗೊಂದು ಪುಟ್ಟ ನಿಲುವಂಗಿ ಮಾಡಿಕೊಂಡು ಹೋಗುತ್ತಾಳೆ. “ಅದು ನಮ್ಮ ಮನೆಯ ಕತೆಯೇ. ಆದರೆ ಹನ್ನಳ ಹರಕೆಯಿಂದ ಅವನು ಆಲಯದೊಳಗೆ ಬಂದ, ಅಷ್ಟೆ. ಅಲ್ಲಿ ಮಲಗಿದ್ದವನನ್ನು ರಾತ್ರಿ ದೇವರೇ ಹೆಸರು ಹಿಡಿದು ಕರೆಯಬೇಕಾಯಿತು. ಅದೂ ಅವನಿಗೆ ಮೊದಲು ಏಲಿಯ ದನಿಯ ಹಾಗೆ ಕೇಳಿಸಿತು, ಮೂರು ಸಲ. ನಾನು ಆರು ವರ್ಷ ಕಿವಿ ಕೊಟ್ಟು ಮಲಗಿದೆ. ಎಷ್ಟು ಸಲ ಎದ್ದು ಕೂತರೂ ಕೇಳಿಸಿದ್ದು ಅಮ್ಮನ ದನಿಯೇ.”

ಅವನ ಆತ್ಮಗುರುಗಳು ಯೇಸುಸಭೆಯ ಒಬ್ಬ ವೃದ್ಧರು. ಅವರು ಅವನನ್ನು ತಡೆಯಲೂ ಇಲ್ಲ, ದೂಡಲೂ ಇಲ್ಲ. ತಮ್ಮ ಸಭೆಯ ಸ್ಥಾಪಕ ಇಗ್ನೇಷಿಯಸ್ 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಮಲಗಿದ್ದಾಗ ಕಂಡುಕೊಂಡ ದಾರಿಯನ್ನು ಹೇಳಿಕೊಟ್ಟರು. ಶೌರ್ಯದ, ರಾಜಕುವರಿಯರ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಬರಡು. ಸಂತರ ಬಾಳನ್ನು ನೆನೆದಾಗಿನ ಖುಷಿ ನೆನೆದು ಮುಗಿದ ಮೇಲೂ ಉಳಿಯುತ್ತಿತ್ತು. ಯಾವುದು ಉಳಿಯುತ್ತದೆ ನೋಡು, ಅವಸರ ಮಾಡಬೇಡ, ಮನಸ್ಸು ಕದಡಿದಾಗ ತೀರ್ಮಾನ ಮಾಡಬೇಡ ಎಂದರಂತೆ. ಅಣ್ಣ ಒಂದು ವರ್ಷ ನೋಡಿದ. ಪಾದ್ರಿಯಾದ ತನ್ನನ್ನು ನೆನೆದಾಗೆಲ್ಲ ಅಮ್ಮನ ನಗುಮುಖ ಕಾಣುತ್ತಿತ್ತು, ಪೂಜಾಪೀಠ ಕಾಣುತ್ತಿರಲಿಲ್ಲ. ಹಾಗೆ ಅವನು ಹೊರಟದ್ದು ಓಡಿಬಂದದ್ದಲ್ಲ, ವಿಧೇಯತೆಯಿಂದಲೇ ಬಂದದ್ದು. ಇದು ನನ್ನ ದೃಢವಾದ ಅಭಿಪ್ರಾಯ.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಅಳತೆ ಕೊಡಲು ಬಂದ ಸೆಮಿನರಿಯ ಬ್ರದರ್‌ಗಳು ಅಣ್ಣನ ಬಳಿ ಕುಳಿತು ಮಾತಾಡತೊಡಗಿದರು. ಮೇಲಿನವರ ಎದುರು ಆಡಲಾಗದ ಮಾತನ್ನು ಟೇಪು ಹಿಡಿದವನ ಎದುರು ಆಡಬಹುದು. ಅಣ್ಣ ಕೇಳುತ್ತಿದ್ದುದು ಎರಡೇ ಪ್ರಶ್ನೆ: “ರಾತ್ರಿ ನಿದ್ದೆ ಬರುತ್ತದಾ? ಮನೆಯವರಿಗೆ ಗೊತ್ತಾಗದ ಹಾಗಿದ್ದರೂ ಇದೇ ಕೆಲಸಕ್ಕೆ ಬರುತ್ತಿದ್ದೆಯಾ?” ಇರು ಎಂದು ಯಾರಿಗೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಕೆಲವರು ಹೋದರು. ಉಳಿದವರಲ್ಲಿ ಹಲವರು ಗುರುದೀಕ್ಷೆಯ ದಿನ ಮೊದಲ ಆಶೀರ್ವಾದಕ್ಕೆ ಅವನನ್ನು ಹುಡುಕಿಕೊಂಡು ಬಂದರು. ಏಲಿ ಕಣ್ಣು ಮಂಜಾದವನು, ಅವನ ಸ್ವಂತ ಮನೆ ಸರಿ ಇರಲಿಲ್ಲ. ಆದರೂ ಕರೆಯುತ್ತಿರುವುದು ಯಾರು ಎಂದು ಸಮುವೇಲನಿಗೆ ಹೇಳಿಕೊಟ್ಟವನು ಅವನೇ.

2007ರಲ್ಲಿ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಹದಿನೇಳು ವರ್ಷಕ್ಕೂ ಮಿಕ್ಕಿ ಕನ್ಯಾಸ್ತ್ರೀಯಾಗಿದ್ದ ಆಕೆಗೆ 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಬಡವರ ನಡುವೆ ಬಾಳುವ ಎರಡನೆಯ ಕರೆ ಬಂದದ್ದು ಎಲ್ಲರಿಗೂ ಗೊತ್ತಿತ್ತು. ಆ ಮೇಲಿನ ದಶಕಗಳಲ್ಲಿ ಪ್ರಾರ್ಥನೆಯಲ್ಲಿ ಆಕೆಗೆ ಕತ್ತಲೆಯೇ ಕವಿದಿತ್ತು, ದೇವರು ಹತ್ತಿರವಿದ್ದಾನೆಂದು ಅನಿಸುತ್ತಿರಲಿಲ್ಲ ಎಂದು ಜಗತ್ತಿಗೆ ತಿಳಿದದ್ದು ಆಗ. ಅಣ್ಣ ಆ ಪುಸ್ತಕವನ್ನು ತರಿಸಿ ಓದಿದ. ನನಗೆ ಹೆದರಿಕೆ. ಏನೂ ಕೇಳಿಸಲಿಲ್ಲವೆಂದು ಬಿಟ್ಟು ಬಂದವನು, ಏನೂ ಕೇಳಿಸದೆಯೂ ಉಳಿದವರ ಕತೆ ಓದಿ ತನ್ನನ್ನೇ ಹಳಿದುಕೊಂಡಾನು ಎಂದು. ಅವನು ಕನ್ನಡಕ ತೆಗೆದಿಟ್ಟು, “ಒಮ್ಮೆಯಾದರೂ ಅವರಿಗೆ ಕೇಳಿಸಿತ್ತು, ಅವರ ಕಿವಿಗೇ. ಆ ಒಂದು ದನಿಯ ಮೇಲೆ ಐವತ್ತು ವರ್ಷ ನಡೆದರು. ನನಗೆ ಕೇಳಿಸಿದ್ದು ಅಮ್ಮನಿಗೆ ಕೇಳಿಸಿದ್ದು” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಅಮ್ಮನಿಗೆ ನಿಜವಾಗಿಯೂ ಕೇಳಿಸಿತ್ತು ತಂಗಿ. ಆ ಕರೆ ಅವಳದು, ನನ್ನನ್ನು ಬದುಕಿಸಿ ಬೆಳೆಸುವ ಕರೆ” ಎಂದ. ಅಮ್ಮ ಆಗ ಬದುಕಿರಲಿಲ್ಲ.

ಅಂಗಡಿ ಅದಾಗಲೇ ಸೊರಗಿತ್ತು. ಅರವತ್ತರ ದಶಕದ ಅಳತೆ ಪುಸ್ತಕಗಳಲ್ಲಿ ಜೂನ್ ತಿಂಗಳೊಂದಕ್ಕೇ ಪುಟಗಟ್ಟಲೆ ಹೆಸರುಗಳು. ತೊಂಬತ್ತರ ಹೊತ್ತಿಗೆ ಒಂದು ಪುಟ ತುಂಬಿದರೆ ಹೆಚ್ಚು. ಮನೆಗೆ ಇಬ್ಬರೇ ಮಕ್ಕಳು, ಅವರ ಕಣ್ಣು ದುಬೈ, ಕುವೈತ್ ಕಡೆಗೆ. ಪಾದ್ರಿಗಳು ಪೂಜೆಯ ಹೊತ್ತು ಬಿಟ್ಟರೆ ಪ್ಯಾಂಟು ಶರಟಿನಲ್ಲೇ ಓಡಾಡತೊಡಗಿದರು, ಬೇಕಾದವರಿಗೆ ಸಿದ್ಧ ಉಡುಪು ಸಿಗುತ್ತಿತ್ತು. ಕಾನ್ವೆಂಟುಗಳಿಗೆ ಒಡಿಶಾ, ಜಾರ್ಖಂಡ್, ಈಶಾನ್ಯದ ಹುಡುಗಿಯರು ಬಂದರು. ಸೆಮಿನರಿಗೆ ಸೇರುವ ಮುನ್ನ ರಜೆಯಲ್ಲಿ ಶಿಬಿರ, ಮನೆ ಭೇಟಿ, ಮಾತುಕತೆ, ಮನಶ್ಶಾಸ್ತ್ರದವರ ಪರೀಕ್ಷೆ ಎಲ್ಲ ಬಂದವು. ಹಿಂದಿನದು ಭಕ್ತಿಯ ಕಾಲ, ಈಗ ಎಲ್ಲ ಹಾಳಾಯಿತು ಎಂದು ನನ್ನ ವಯಸ್ಸಿನವರು ಹೇಳುವಾಗ ನಾನು ತಲೆಯಾಡಿಸುವುದಿಲ್ಲ. ಆಗ ತಾಯಂದಿರ ಪ್ರಾರ್ಥನೆ ಹೆಚ್ಚಿತ್ತು, ಮಕ್ಕಳನ್ನು ಕೇಳುವುದು ಕಡಿಮೆ ಇತ್ತು. ಈಗ ಬರುವವರು ಕಡಿಮೆ, ಆದರೆ ತಾವೇ ಬರುತ್ತಾರೆ. ಕಳೆದುಕೊಂಡದ್ದು ನಿಜವಾಗಿ ಒಂದಿದೆ: ಸಂಜೆಯ ಆ ಹೆಚ್ಚಿನ ಪ್ರಾರ್ಥನೆ. ಅದು ನಿಲ್ಲಬಾರದಿತ್ತು.

ನಾವು ಕೊನೆಯ ನಿಲುವಂಗಿ ಹೊಲಿದದ್ದು 2012ರಲ್ಲಿ, ಕಂಪ್ಯೂಟರ್ ಕೆಲಸ ಬಿಟ್ಟು ಬಂದ ಮೂವತ್ತರ ಒಬ್ಬ ಯುವಕನಿಗೆ. ಒಬ್ಬನೇ ಬಂದಿದ್ದ, ಜೊತೆಗೆ ತಾಯಿ ಇಲ್ಲ, ಮಾವ ಇಲ್ಲ. ಅಣ್ಣ ಅಳತೆ ಹೇಳಿದ, ನಾನು ಬರೆದೆ. ಬೆಳೆದ ಆಳಿಗೆ ಮಡಿಕೆ ಬೇಡವಾಗಿತ್ತು. ಆದರೂ ಅಣ್ಣ ಅಡಿಗೆ ನಾಲ್ಕು ಬೆರಳು ಎಂದ.

ಅಣ್ಣ ತೀರಿಕೊಂಡು ಐದು ವರ್ಷವಾಯಿತು. ಅಪ್ಪ ಬಿಚ್ಚದೆ ಉಳಿಸಿದ ಅವನ ನಿಲುವಂಗಿ ನನ್ನ ಪೆಟ್ಟಿಗೆಯಲ್ಲಿದೆ, ಮಡಿಕೆ ಪೂರ್ತಿ ಇಳಿದಿದೆ. ಓದುಗರಲ್ಲಿ ನನ್ನದೊಂದೇ ಬೇಡಿಕೆ. ನಿಮ್ಮ ಊರಿಗೆ ಯಾರಾದರೂ ಸೆಮಿನರಿ ಬಿಟ್ಟು, ಕಾನ್ವೆಂಟು ಬಿಟ್ಟು ಬಂದರೆ, ಯಾಕೆ ಬಂದೆ ಎಂದು ಕೇಳಬೇಡಿ. ಹೆಸರು ಹಿಡಿದು ಊಟಕ್ಕೆ ಕರೆಯಿರಿ.