ಭಾನುವಾರದ ಸಹಿ

ಬೇಲ್ ಸಿಕ್ಕಿತೆಂದರೆ ಕೇಸು ಮುಗಿಯಿತು ಎಂದೇ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಬದುವಿನ ಜಗಳವೊಂದರಲ್ಲಿ ಜೈಲು ಸೇರಿದ್ದ ನನ್ನ ಸೋದರಮಾವ ಬಿಡುಗಡೆಯಾದಾಗ ಅಜ್ಜಿಯೂ ಹಾಗೆಯೇ ತಿಳಿದು ದೇವರಿಗೆ ಕಾಯಿ ಒಡೆಸಿದ್ದರು. ವಕೀಲರು ಆದೇಶವನ್ನು ಓದಿ ಹೇಳಿದ ಮೇಲೆಯೇ ನಮಗೆಲ್ಲ ಷರತ್ತುಗಳ ವಿಷಯ ಗೊತ್ತಾಗಿದ್ದು.

ಇದ್ದದ್ದು ನಾಲ್ಕೇ ಷರತ್ತು. ಪ್ರತಿ ಭಾನುವಾರ ಠಾಣೆಗೆ ಹೋಗಿ ಸಹಿ ಹಾಕಬೇಕು. ಕೋರ್ಟಿನ ಅನುಮತಿಯಿಲ್ಲದೆ ಜಿಲ್ಲೆ ದಾಟಬಾರದು. ಸಾಕ್ಷಿಗಳನ್ನು ಹೆದರಿಸುವುದಾಗಲಿ ಪುಸಲಾಯಿಸುವುದಾಗಲಿ ಕೂಡದು. ವಿಚಾರಣೆಯ ದಿನ ತಪ್ಪದೆ ಹಾಜರಿರಬೇಕು. ಇವುಗಳ ಹಿಂದಿನ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ದೂರು ಕೊಟ್ಟವರೂ ಭಯವಿಲ್ಲದೆ ಬದುಕಬೇಕಲ್ಲ.

ಆದರೆ ನಮ್ಮೂರಲ್ಲಿ ಸಾಕ್ಷಿಗಳೆಂದರೆ ಅದೇ ಬೀದಿಯವರು. ಒಬ್ಬರು ಹಾಲಿನ ಡೇರಿಯಲ್ಲಿ ಎದುರಾಗುತ್ತಾರೆ, ಇನ್ನೊಬ್ಬರು ರೇಷನ್ ಸಾಲಿನಲ್ಲಿ ಹಿಂದೆಯೇ ನಿಂತಿರುತ್ತಾರೆ. ‘ಊಟ ಆಯ್ತಾ’ ಅಂದರೂ ಬೇರೆ ಅರ್ಥ ಹುಟ್ಟೀತೆಂದು ಮಾವ ಡೇರಿಗೆ ಅತ್ತೆಯನ್ನು ಕಳಿಸತೊಡಗಿದರು. ಜಾತ್ರೆಯಲ್ಲಿ ತೇರಿನ ಹಗ್ಗ ಮುಟ್ಟಲಿಲ್ಲ. ಷಡ್ಡಕನ ಮಗಳ ಮದುವೆ ಪಕ್ಕದ ಜಿಲ್ಲೆಯಲ್ಲಿತ್ತು. ಎರಡು ದಿನದ ಅನುಮತಿಗೆ ಅರ್ಜಿ, ವಕೀಲರ ಫೀಸು, ಕೋರ್ಟಿಗೆ ಓಡಾಟ.

ತಪ್ಪಿಸಿಕೊಂಡರೆ ವಾರಂಟ್ ಬರಬಹುದು, ಜಾಮೀನು ನಿಂತವರ ಮೇಲೂ ಹಣದ ಹೊರೆ ಬೀಳಬಹುದು. ಪಹಣಿ ತಂದು ನಿಂತವರು ಮಾವನ ಗೆಳೆಯ. ‘ನಾನು ತಪ್ಪಿದ್ರೆ ಅವನ ಹೊಲಕ್ಕೆ ಬರ್ತದೆ ಕಣೋ’ ಎನ್ನುತ್ತ ಜ್ವರದಲ್ಲೂ ಬಸ್ಸು ಹತ್ತುತ್ತಿದ್ದರು. ಸಹಿಗೆ ಎರಡು ನಿಮಿಷ ಸಾಕು. ಸಾಹೇಬರು ಬರುವ ತನಕ ಬೆಂಚಿನ ಮೇಲೆ ಕೂರಬೇಕಾದದ್ದು ಇಡೀ ಬೆಳಗ್ಗೆ.

ಷರತ್ತಿನ ಭಾರ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಸುಪ್ರೀಂ ಕೋರ್ಟು 1978ರಲ್ಲೇ ಗುರುತಿಸಿತ್ತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸಗಾರನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು. ನಿಲ್ಲಲು ಬಂದ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಆದೇಶಿಸಿದರು. 2024ರ ಜುಲೈನಲ್ಲಿ ಫ್ರ್ಯಾಂಕ್ ವಿಟಸ್ ಪ್ರಕರಣದಲ್ಲಿ ಅದೇ ಕೋರ್ಟು, ಆರೋಪಿ ಎಲ್ಲೆಲ್ಲಿ ಓಡಾಡುತ್ತಾನೆಂದು ಪೊಲೀಸರು ಸದಾ ನೋಡುತ್ತಿರಲು ಅನುವಾಗುವ ಷರತ್ತು ಹಾಕುವಂತಿಲ್ಲ ಎಂದಿತು. ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಬೇಕೆಂಬ ಷರತ್ತನ್ನು ತೆಗೆದುಹಾಕಿತು.

ಷರತ್ತು ಭಾರವಾದರೆ ಸಡಿಲಿಸಿ ಎಂದು ಕೋರ್ಟನ್ನೇ ಕೇಳಬಹುದು. ವಕೀಲರನ್ನಿಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಠಾಣೆಯ ಬೆಂಚಿನಲ್ಲಿ ಮಾವನ ಪಕ್ಕ ಕೂರುತ್ತಿದ್ದವರಲ್ಲಿ ಬಹಳ ಮಂದಿಗೆ ಇದು ಗೊತ್ತಿರಲಿಲ್ಲ. ಅವರಲ್ಲಿ ಯಾರದೂ ವಿಚಾರಣೆ ಮುಗಿದಿರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರೆಲ್ಲ ಇನ್ನೂ ನಿರಪರಾಧಿಗಳೇ. ಆದರೂ ವಾರಕ್ಕೊಂದು ದಿನದ ಕೂಲಿ ಬಿಟ್ಟು ಬಂದು, ಹೆಸರು ಕರೆಯುವುದನ್ನೇ ಕಾಯುತ್ತ ಕೂತಿರುತ್ತಿದ್ದರು.