ಗಡಿಯಾರ ಶುರುವಾಗುವುದು ಎಲ್ಲಿಂದ?

ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನ ಒಂದು ಕಂಪನಿಗೆ ಸೇರಿ ಎರಡು ವರ್ಷವಾಯಿತು. ಅವನು ಅಲ್ಲಿ ಏನು ಕೆಲಸ ಮಾಡುತ್ತಾನೆ ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ದಸರಾ ರಜೆಗೆ ದೊಡ್ಡಮಳೂರಿಗೆ ಬಂದಾಗಲೂ ಲ್ಯಾಪ್‌ಟಾಪ್ ತಂದಿದ್ದ. ಅವನದು ರಾತ್ರಿ ಪಾಳಿ. ಊಟ ಮುಗಿಸಿ ಹತ್ತು ಗಂಟೆಗೆ ಪಡಸಾಲೆಯಲ್ಲಿ ಕುಳಿತರೆ ಏಳುತ್ತಿದ್ದುದು ಬೆಳಗ್ಗೆ ಆರಕ್ಕೆ. ಪರದೆಯ ತುಂಬಾ ನೀಲಿ, ಹಸಿರು, ಕಿತ್ತಳೆ ಬಣ್ಣದ ಗೆರೆಗಳು. ಅವು ಎಡದಿಂದ ಬಲಕ್ಕೆ ನಿಧಾನವಾಗಿ ಹರಿಯುತ್ತಿದ್ದವು. ಇವನು ನೋಡುತ್ತಿದ್ದ, ಅಷ್ಟೆ.

ಅಜ್ಜಿ ಎರಡು ದಿನ ತಡೆದುಕೊಂಡು ಮೂರನೇ ದಿನ ಕೇಳಿಯೇಬಿಟ್ಟರು. "ರಾತ್ರಿಯೆಲ್ಲಾ ಗೆರೆ ನೋಡ್ಕಂಡು ಕುಂತಿರಾಕೂ ಸಂಬ್ಳ ಕೊಟ್ಟಾರೇನ್ಲಾ?"

ಅಣ್ಣ ನಕ್ಕ. "ಹುಳ ಹಣ್ಣಾದಾಗ ನೀನು ರಾತ್ರಿ ಎದ್ದೆದ್ದು ನೋಡಲ್ವಾ ಅಜ್ಜಿ? ಹಂಗೇ."

ಅಜ್ಜಿಗೆ ಅಷ್ಟು ಸಾಕಾಯಿತು, ಹೋಗಿ ಮಲಗಿದರು. ನನಗೆ ಸಾಕಾಗಲಿಲ್ಲ. ನಾನು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವಳು. ಆ ರಾತ್ರಿ ಅವನ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕುಳಿತೆ.

ಅವನು ನೋಡುತ್ತಿದ್ದುದು ಲೋಡ್ ಬ್ಯಾಲೆನ್ಸರ್‌ನ ಗೆರೆಗಳನ್ನು. ಈ ಹೆಸರು ಕೇಳಿ ಹೆದರಬೇಕಿಲ್ಲ. ಬಿಡದಿ ಹತ್ತಿರ ಎಕ್ಸ್‌ಪ್ರೆಸ್‌ವೇ ಟೋಲ್ ನೋಡಿದ್ದೀರಲ್ಲ, ಅಲ್ಲಿ ಹತ್ತಾರು ಕಿಂಡಿಗಳಿವೆ. ಕಿಂಡಿಗಳ ಮುಂದೆ ಒಬ್ಬ ನಿಂತು "ನೀನು ಎಡಕ್ಕೆ ಹೋಗು, ನೀನು ಮೂರನೆಯದಕ್ಕೆ ಹೋಗು" ಎಂದು ಗಾಡಿಗಳನ್ನು ಹಂಚಿದರೆ ಹೇಗೆ? ಲೋಡ್ ಬ್ಯಾಲೆನ್ಸರ್ ಮಾಡುವುದು ಅದನ್ನೇ. ನಾವು ಫೋನಿನಲ್ಲಿ ಒಂದು ಪುಟ ತೆರೆದರೆ ಆ ಕೋರಿಕೆ ನೇರವಾಗಿ ಒಂದು ಕಂಪ್ಯೂಟರಿಗೆ ಹೋಗುವುದಿಲ್ಲ. ಮೊದಲು ಈ ಹಂಚುವವನ ಬಳಿ ಹೋಗುತ್ತದೆ. ಅವನ ಹಿಂದೆ ಐದೋ ಐವತ್ತೋ ಸರ್ವರ್‌ಗಳಿರುತ್ತವೆ. ಸರದಿಯ ಪ್ರಕಾರ ಒಂದೊಂದಕ್ಕೆ ಒಂದೊಂದು ಕೊಡಬಹುದು, ಅಥವಾ ಯಾವುದರ ಕೈಯಲ್ಲಿ ಬಾಕಿ ಕೆಲಸ ಕಡಿಮೆ ಇದೆಯೋ ಅದಕ್ಕೆ ಕೊಡಬಹುದು. ಯಾವ ಸರ್ವರ್ ಬದುಕಿದೆ, ಯಾವುದು ಸತ್ತಿದೆ ಎಂದು ಆಗಾಗ ಒಂದು ಸಣ್ಣ ಪ್ರಶ್ನೆ ಕೇಳಿ ತಿಳಿದುಕೊಳ್ಳುತ್ತಾನೆ. ಇದಕ್ಕೆ ಹೆಲ್ತ್ ಚೆಕ್ ಎನ್ನುತ್ತಾರೆ. ಉತ್ತರ ಕೊಟ್ಟರೆ ಹಸಿರು, ಕೊಡದಿದ್ದರೆ ಕೆಂಪು.

ಅಣ್ಣನ ಕಂಪನಿ ಬಳಸುವುದು ಅಮೆಜಾನಿನ ಕ್ಲೌಡ್. 2016ರಿಂದ ಮುಂಬೈಯಲ್ಲೇ ಅವರ ಕೇಂದ್ರವಿದೆ. ಪ್ರತಿ ಕೋರಿಕೆಗೆ ಸರ್ವರ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಲೆಕ್ಕವನ್ನು ಅಲ್ಲಿನ ಲೋಡ್ ಬ್ಯಾಲೆನ್ಸರ್ 60 ಸೆಕೆಂಡಿಗೊಮ್ಮೆ ಕಳುಹಿಸುತ್ತದೆ. ನಮ್ಮ ಪಡಸಾಲೆಯಲ್ಲಿ ಹರಿಯುತ್ತಿದ್ದ ಗೆರೆಗಳು ಅವೇ. ಅಂದ ಹಾಗೆ, ನಮ್ಮೂರ ದೇವರ ಹೆಸರು ಅಪ್ರಮೇಯ, ಅಂದರೆ ಅಳತೆಗೆ ಸಿಗದವನು. ಅಂಥ ಊರಿನಲ್ಲಿ ಕೂತು ಇವನು ಸೆಕೆಂಡಿನ ಸಾವಿರದ ಒಂದು ಭಾಗವನ್ನು ಅಳೆಯುತ್ತಿದ್ದ.

ರಾತ್ರಿ ಒಂದೂಮುಕ್ಕಾಲರ ಹೊತ್ತಿಗೆ ಅಣ್ಣ ಚಹಾ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿದ. ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಸರಾಸರಿಯ ನೀಲಿ ಗೆರೆ 0.2 ಸೆಕೆಂಡಿನಲ್ಲಿದ್ದದ್ದು 0.35ಕ್ಕೆ ಬಂದಿತ್ತು. ಇದೇನು ದೊಡ್ಡದು ಎಂದೆ. "ನೀಲಿ ಬಿಡೇ, ಕಿತ್ತಳೆ ನೋಡು" ಎಂದ. ಕಿತ್ತಳೆ ಗೆರೆ 9 ಸೆಕೆಂಡಿಗೆ ಏರಿತ್ತು.

ಕಿತ್ತಳೆ ಗೆರೆಗೆ ಪಿ-99 ಎಂದು ಹೆಸರು. ನೂರು ಕೋರಿಕೆಗಳನ್ನು ಬೇಗ ಮುಗಿದದ್ದರಿಂದ ತಡವಾಗಿ ಮುಗಿದದ್ದರವರೆಗೆ ಸಾಲಾಗಿ ನಿಲ್ಲಿಸಿದರೆ 99ನೆಯದು ಎಷ್ಟು ಹೊತ್ತು ಕಾಯಿತು ಎಂಬುದನ್ನು ಅದು ಹೇಳುತ್ತದೆ. ಅಣ್ಣ ನನ್ನ ಕೈಗೆ ಪೆನ್ನು ಕೊಟ್ಟು ಲೆಕ್ಕ ಮಾಡಿಸಿದ. 98 ಜನರಿಗೆ 0.1 ಸೆಕೆಂಡಿನಲ್ಲಿ ಉತ್ತರ ಸಿಕ್ಕಿತು, ಇಬ್ಬರು ಮಾತ್ರ 20 ಸೆಕೆಂಡು ಕಾದರು ಎಂದುಕೋ. ಒಟ್ಟು 49.8 ಸೆಕೆಂಡು. ನೂರರಿಂದ ಭಾಗಿಸಿದರೆ ಅರ್ಧ ಸೆಕೆಂಡೂ ಇಲ್ಲ. ಸರಾಸರಿ ನೋಡಿದ ಮ್ಯಾನೇಜರ್ ಎಲ್ಲ ಚೆನ್ನಾಗಿದೆ ಎಂದುಕೊಂಡು ಮನೆಗೆ ಹೋಗುತ್ತಾನೆ. ಅರ್ಧ ಸೆಕೆಂಡು ಕಾದವರು ಆ ನೂರು ಜನರಲ್ಲಿ ಒಬ್ಬರೂ ಇಲ್ಲ.

ಆ ರಾತ್ರಿಯ ತೊಂದರೆ ಏನಾಗಿತ್ತೆಂದರೆ, ಇದ್ದ ಆರು ಸರ್ವರ್‌ಗಳಲ್ಲಿ ಒಂದು ಆಗಾಗ ತಡವರಿಸುತ್ತಿತ್ತು. ಅದಕ್ಕೆ ಹೋದ ಹತ್ತು ಕೋರಿಕೆಗಳಲ್ಲಿ ಒಂದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಹೆಲ್ತ್ ಚೆಕ್ ಮಾತ್ರ ಪೂರ್ತಿ ಹಸಿರು. ಅದು ಕೇಳುವುದು "ಇದ್ದೀಯಾ?" ಎಂಬ ಸಣ್ಣ ಪ್ರಶ್ನೆ ತಾನೆ, ಅಷ್ಟಕ್ಕೆ ಈ ಸರ್ವರ್ ಜಾಣತನದಿಂದ "ಇದ್ದೀನಿ" ಎನ್ನುತ್ತಿತ್ತು. ಅಣ್ಣ ಯಾರಿಗೋ ಫೋನ್ ಮಾಡಿ ಒಪ್ಪಿಗೆ ಪಡೆದು ಅದನ್ನು ಸಾಲಿನಿಂದ ಹೊರಗೆ ತೆಗೆದ. ಐದಾರು ನಿಮಿಷದಲ್ಲಿ ಕಿತ್ತಳೆ ಗೆರೆ ಕೆಳಗಿಳಿಯಿತು. ಬೆಳಗ್ಗೆ ಇದನ್ನು ಹೇಳಿದಾಗ ಅಜ್ಜಿ, "ಅಲ್ವಾ ಮತ್ತೆ, ತಟ್ಟೇಲಿ ತಿನ್ನೋ ಹುಳ ನೋಡ್ಕಂಡು ಕುಂತ್ರೆ ಏನು ಬಂತು, ಸೊಪ್ಪು ಮುಟ್ಟದೇ ಇರೋದನ್ನ ನೋಡ್ಬೇಕು" ಎಂದರು. ಮುಕ್ಕಾಲು ಗಂಟೆ ಅಣ್ಣ ನನಗೆ ಹೇಳಿದ್ದು ಇಷ್ಟೇ.

ಆದರೆ ಅಣ್ಣ ಆ ಕಿತ್ತಳೆ ಗೆರೆ ತೋರಿಸಿದ ಕ್ಷಣದಿಂದ ನನ್ನ ತಲೆಯಲ್ಲಿ ಇದ್ದದ್ದು ಬೇರೆಯೇ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ನಾನು ಮತ್ತು ನನ್ನ ಗೆಳತಿ ಕಾಲೇಜು ಮುಗಿಸಿ ಚನ್ನಪಟ್ಟಣದ ಒಂದು ಸೈಬರ್ ಅಂಗಡಿಗೆ ಹೋದೆವು. ಅವಳ ಹೆಸರು ಬರೆಯುವುದಿಲ್ಲ, ಈ ಪತ್ರಿಕೆಯನ್ನು ಅವಳೂ ಓದುತ್ತಾಳೆ. ಅವಳ ಆದಾಯ ಪ್ರಮಾಣಪತ್ರ ಬಂದದ್ದೇ ಹಿಂದಿನ ದಿನ, ಅದಕ್ಕೇ ತಡ. ನನ್ನದು ಸುಮ್ಮನೆ ಸೋಮಾರಿತನ. ಅಂಗಡಿಯಲ್ಲಿ ಖಾಲಿ ಇದ್ದದ್ದು ಒಂದೇ ಕಂಪ್ಯೂಟರ್. "ನೀನು ಮೊದಲು ಮಾಡ್ಕೋ, ನಿಂಗೆ ಬಸ್ಸಿದೆ" ಎಂದಳು. ನಾನು ಕುಳಿತೆ. ಮುಕ್ಕಾಲು ಗಂಟೆ ಹಿಡಿಯಿತು, ಆದರೆ ನನ್ನ ಅರ್ಜಿ ಹೋಯಿತು. ಆಮೇಲೆ ಅವಳು ಕುಳಿತಳು. ಬಿಳಿ ಪುಟದ ನಡುವೆ ಆ ಚಕ್ರ ತಿರುಗುತ್ತಲೇ ಇತ್ತು. ಅವಳ ಅಬ್ಬಾರ ಫೋನಿಗೆ ಓಟಿಪಿ ಹೋಗುತ್ತಿತ್ತು, ಅವರು ಗೊಂಬೆ ಕಾರ್ಖಾನೆಯಲ್ಲಿ ಲೇತ್ ನಿಲ್ಲಿಸಿ ಫೋನ್ ಮಾಡಿ ಸಂಖ್ಯೆ ಓದುತ್ತಿದ್ದರು. ಅದನ್ನು ಹಾಕುವ ಪುಟ ತೆರೆಯುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತಿತ್ತು. ನಾಲ್ಕು ಸಲ ಹೀಗಾಯಿತು. ನಾನು ಪಕ್ಕದಲ್ಲಿ ನನ್ನ ಫೋನಿನಲ್ಲೂ ಅದೇ ಪುಟ ತೆರೆದು ರಿಫ್ರೆಶ್ ಒತ್ತುತ್ತಲೇ ಇದ್ದೆ, ಯಾವುದಾದರೂ ಒಂದರಲ್ಲಿ ತೆರೆಯಲಿ ಎಂದು. ಒಂಬತ್ತು ಗಂಟೆಗೆ ಅಂಗಡಿಯವರು ಶಟರ್ ಅರ್ಧ ಎಳೆದರು. ಅವಳು ಪುಟ ಮುಚ್ಚಿ ಎದ್ದಳು. ಆ ವರ್ಷ ಅವಳಿಗೆ ವೇತನ ಬರಲಿಲ್ಲ. ಕಾಲೇಜು ಬಿಡಲಿಲ್ಲ, ಆದರೆ ಅಂದಿನಿಂದ ಸಂಜೆ ಮನೆಯಲ್ಲಿ ಗೊಂಬೆಗಳಿಗೆ ಕಣ್ಣು ಬಿಡಿಸುವ ಕೆಲಸ ಹಿಡಿದಿದ್ದಾಳೆ. ತರಗತಿಯಲ್ಲಿ ಅವಳ ಬೆರಳಿನಲ್ಲಿ ಕಪ್ಪು ಬಣ್ಣ ಕಾಣುತ್ತದೆ.

ಇದನ್ನು ಅಣ್ಣನಿಗೆ ಹೇಳಿದೆ. ಅದು ಅವನ ಕಂಪನಿಯ ಜಾಲತಾಣವಲ್ಲ. ಆದರೂ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ರಿಫ್ರೆಶ್ ಎಷ್ಟು ಸಲ ಒತ್ತಿದೆ?" ಎಂದು ಕೇಳಿದ. ಲೆಕ್ಕವಿಟ್ಟಿಲ್ಲ ಎಂದೆ. "ಪ್ರತಿ ಸಲ ಒತ್ತಿದಾಗಲೂ ಸಾಲಿಗೆ ಹೊಸ ಗಿರಾಕಿ ಬಂದ ಹಾಗೆ. ಹಳೇ ಕೋರಿಕೆಗೆ ಸರ್ವರ್ ಇನ್ನೂ ಉತ್ತರ ಹುಡುಕ್ತಾ ಇರುತ್ತೆ, ಅಷ್ಟರಲ್ಲಿ ಮತ್ತೊಂದು. ಊರಿಗೂರೇ ಒತ್ತಿದರೆ ಎದ್ದು ನಿಲ್ಲೋದು ಹೇಗೆ?" ಅವಳ ಪಕ್ಕದಲ್ಲೇ ಕುಳಿತು ನಾನು ಅವಳ ಮುಂದಿನ ಸಾಲನ್ನು ಉದ್ದ ಮಾಡುತ್ತಿದ್ದೆ. ನನ್ನ ಹಾಗೆ ಎಷ್ಟು ಜನ ಒತ್ತುತ್ತಿದ್ದರೋ, ನನ್ನ ಪಾಲು ಸಾಸಿವೆಯಷ್ಟು ಇದ್ದೀತು. ಆದರೂ ಆ ಮಾತು ಇನ್ನೂ ಚುಚ್ಚುತ್ತದೆ.

ಮತ್ತೊಂದು ಪ್ರಶ್ನೆ ಕೇಳಿದೆ. ಈ ಗೆರೆಯಲ್ಲಿ ಕಾಣುವ ಹೊತ್ತು ಎಲ್ಲಿಂದ ಶುರುವಾಗುತ್ತದೆ? ನಾನು ಬೆರಳು ಒತ್ತಿದ ಕ್ಷಣದಿಂದಲಾ? ಅಲ್ಲವಂತೆ. ಲೋಡ್ ಬ್ಯಾಲೆನ್ಸರ್ ಕೋರಿಕೆಯನ್ನು ಸರ್ವರ್ ಕಡೆಗೆ ಕಳುಹಿಸಿದ ಕ್ಷಣದಿಂದ, ಸರ್ವರ್ ಉತ್ತರ ಕೊಡಲು ಶುರುಮಾಡುವ ಕ್ಷಣದ ತನಕ ಮಾತ್ರ. ಚನ್ನಪಟ್ಟಣದ ಟವರಿನಿಂದ ಮುಂಬೈ ತನಕದ ದಾರಿ ಅದರಲ್ಲಿಲ್ಲ. ಅಂಗಡಿಯ ಹಳೇ ಕಂಪ್ಯೂಟರ್ ಪುಟ ಬಿಡಿಸಲು ತೆಗೆದುಕೊಂಡ ಹೊತ್ತು ಇಲ್ಲ. ಲೇತ್ ನಿಲ್ಲಿಸಿದ ಹೊತ್ತಂತೂ ಇಲ್ಲವೇ ಇಲ್ಲ. 2021ರ ಮೇ ತಿಂಗಳಲ್ಲಿ ಹೆದ್ದಾರಿ ಪ್ರಾಧಿಕಾರ ಒಂದು ಸೂಚನೆ ಹೊರಡಿಸಿತ್ತು: ದಟ್ಟಣೆಯ ಹೊತ್ತಿನಲ್ಲೂ ಟೋಲಿನಲ್ಲಿ ಒಂದು ಗಾಡಿಗೆ 10 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಜೊತೆಗೆ ಕಿಂಡಿಯಿಂದ 100 ಮೀಟರ್ ದೂರದಲ್ಲಿ ಹಳದಿ ಗೆರೆ ಎಳೆಯಬೇಕು, ಸಾಲು ಅದನ್ನು ದಾಟಬಾರದು. ಇದನ್ನು ಬರೆದವರು ಯಾರೋ ಸಾಲಿನಲ್ಲಿ ನಿಂತು ಅಭ್ಯಾಸ ಇದ್ದವರೇ ಇರಬೇಕು. ಕಿಂಡಿಯಲ್ಲಿ ಹತ್ತು ಸೆಕೆಂಡು ಎಂದಷ್ಟೇ ಬರೆದಿದ್ದರೆ ಹಿಂದಿನ ಅರ್ಧ ಕಿಲೋಮೀಟರ್ ಸಾಲು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಗೂಗಲ್ ಕಂಪನಿಯ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ಈ ವಿಷಯವಾಗಿ ಬರೆದ ಒಂದು ಲೇಖನವನ್ನು ಅಣ್ಣ ನನಗೆ ಕಳುಹಿಸಿದ. ಅದರ ಒಂದು ಲೆಕ್ಕವನ್ನು ನಮ್ಮ ದ್ವಿತೀಯ ಪಿಯು ಸಂಭವನೀಯತೆ ಪಾಠ ಓದಿದ ಯಾರು ಬೇಕಾದರೂ ಮಾಡಬಹುದು. ಒಂದು ಸರ್ವರ್ ನೂರಕ್ಕೆ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ತಡಮಾಡುತ್ತದೆ. ಆದರೆ ಒಂದು ಪುಟ ಪೂರ್ತಿಯಾಗಲು ಅಂಥ 100 ಸರ್ವರ್‌ಗಳ ಉತ್ತರ ಬೇಕು. ಎಲ್ಲವೂ ಬೇಗ ಉತ್ತರಿಸುವ ಸಂಭವ 0.99ರ ನೂರನೇ ಘಾತ, ಅಂದರೆ ಸುಮಾರು 0.37. ಹಾಗಾದರೆ ನೂರರಲ್ಲಿ 63 ಜನ ಕಾಯುತ್ತಾರೆ. ನಾನು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಒತ್ತಿ ನೋಡಿದೆ.

ಮಲಗುವ ಮುಂಚೆ ಕೊನೆಯದಾಗಿ, ಅವಳ ಹಾಗೆ ಕಾದು ಕಾದು ಪುಟ ಮುಚ್ಚಿ ಹೋದವರ ಕಥೆ ಏನು ಎಂದು ಕೇಳಿದೆ. ಅವನ ಲೋಡ್ ಬ್ಯಾಲೆನ್ಸರ್ ಬೇರೆ ಹೇಳದಿದ್ದರೆ 60 ಸೆಕೆಂಡು ಕಾಯುತ್ತದೆ. ಸರ್ವರ್ ಆಗಲೂ ಉತ್ತರಿಸದಿದ್ದರೆ 504 ಎಂದು ಬರೆದು ಕೈಬಿಡುತ್ತದೆ. ಅದಕ್ಕೂ ಮೊದಲೇ ಜನ ಬೇಸತ್ತು ಸಂಪರ್ಕ ಮುರಿದರೆ 460 ಎಂದು ಬರೆದುಕೊಳ್ಳುತ್ತದೆ. ಅಣ್ಣ ಆ ರಾತ್ರಿಯ ದಾಖಲೆ ತೆರೆದು ತೋರಿಸಿದ. ನೂರಾರು 200ಗಳ ನಡುವೆ ಅಲ್ಲೊಂದು ಇಲ್ಲೊಂದು 460. "ಇವರನ್ನ ಯಾರೂ ಫೋನ್ ಮಾಡಿ ಕೇಳಲ್ವಾ?" ಎಂದೆ. "ಇಲ್ಲ ಕಣೇ" ಎಂದ. ಆದರೆ ಮರುದಿನದಿಂದ ಅವನ ಪರದೆಯಲ್ಲಿ ನಾಲ್ಕನೆಯ ಗೆರೆ ಒಂದಿತ್ತು, ಕೆಂಪು ಬಣ್ಣದ್ದು. 460ರ ಎಣಿಕೆ.

ಈ ವರ್ಷ ನಾವಿಬ್ಬರೂ ಅರ್ಜಿ ಬಿಟ್ಟ ಮೂರನೇ ದಿನ ಬೆಳಗ್ಗೆ ಆರಕ್ಕೇ ಕುಳಿತು ಹಾಕಿದೆವು. ಅವಳು ಮೊದಲು. ನಾನು ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದಿದ್ದೆ: ಮೊದಲ ಪುಟದಿಂದ ಸ್ವೀಕೃತಿ ಬರುವ ತನಕ ಹನ್ನೊಂದು ನಿಮಿಷ. ಇದನ್ನು ಬರೆದ ಮೇಲೆ ಪತ್ರಿಕೆಗೆ ಕೊಡುವ ಮುಂಚೆ ಅವಳಿಗೆ ಓದಲು ಕೊಟ್ಟೆ. ಪೂರ್ತಿ ಓದಿದಳು. "ಎಲ್ಲಾ ಸರಿ ಬರೆದಿದ್ದೀಯ" ಎಂದಳು. "ಅಂಗಡಿಯವರು ಅವತ್ತು ಐವತ್ತು ರೂಪಾಯಿ ತಗೊಂಡಿದ್ದು ಮಾತ್ರ ಬಿಟ್ಟಿದ್ದೀಯ. ಅದನ್ನೂ ಹಾಕು."